ಓದುಗರ ಪ್ರಶ್ನೆಗಳಿಗೆ ಉತ್ತರ: ಆಪ್ತ ಸಹಾಯಕನ ಬಂಧನ, ಪಕ್ಷಗಳ ವಾದ ಮತ್ತು ರೊಕ್ಕ ಕೊಟ್ಟವರ ಪಾಡು

ಸರ್ಕಾರಿ ನೌಕರಿ ಕೊಡಿಸುವುದಾಗಿ ನಂಬಿಸಿ ಹಲವು ಕುಟುಂಬಗಳಿಂದ ಹಣ ಪಡೆದ ಆರೋಪದ ಮೇಲೆ ಜನಪ್ರತಿನಿಧಿಯೊಬ್ಬರ ಆಪ್ತ ಸಹಾಯಕನನ್ನು ಪೊಲೀಸರು ಬಂಧಿಸಿದ ಬಳಿಕ ಹುಬ್ಬಳ್ಳಿ-ಧಾರವಾಡ, ಗದಗ ಮತ್ತು ಹಾವೇರಿ ಭಾಗದ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ತನಿಖೆ ಇನ್ನೂ ಮುಗಿದಿಲ್ಲವಾದ್ದರಿಂದ ಆರೋಪಿಯ, ಜನಪ್ರತಿನಿಧಿಯ ಹಾಗೂ ಪಕ್ಷಗಳ ಹೆಸರುಗಳನ್ನು ಬಿಟ್ಟಿದ್ದೇವೆ. ಪತ್ರ ಬರೆದವರಲ್ಲಿ ಹಣ ಕಳೆದುಕೊಂಡವರೂ ಇರುವುದರಿಂದ ಅವರ ಊರನ್ನಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ಬಂಧನದ ಸುದ್ದಿ ಬಂದ ದಿನದಿಂದ ನಮ್ಮಲ್ಲಿ ಎರಡೇ ಮಾತು. ಚುನಾವಣೆ ಸಮೀಪಿಸಿದಾಗ ನಡೆಸಿದ ರಾಜಕೀಯ ಪಿತೂರಿ ಇದು ಎಂದು ಒಂದು ಪಕ್ಷದವರು ಹೇಳುತ್ತಾರೆ. ಸಾಹೇಬರ ಅಪ್ಪಣೆ ಇಲ್ಲದೆ ಪಿಎ ಒಂದು ರೂಪಾಯಿಯನ್ನೂ ಮುಟ್ಟಲಾರ ಎಂದು ಇನ್ನೊಂದು ಪಕ್ಷದವರು ಹೇಳುತ್ತಾರೆ. ಯಾವುದನ್ನು ನಂಬಬೇಕು? (ಓದುಗರು, ಗದಗ)

ಉತ್ತರ: ಎರಡನ್ನೂ ಈಗಲೇ ನಂಬಬೇಕಾಗಿಲ್ಲ. ಹಾಗೆಂದು ಎರಡನ್ನೂ ಹುರುಳಿಲ್ಲದ ಮಾತೆಂದು ತಳ್ಳಿಹಾಕುವುದೂ ಸರಿಯಲ್ಲ. ರಾಜ್ಯದ ಪೊಲೀಸರು ರಾಜ್ಯ ಸರ್ಕಾರದ ಗೃಹ ಇಲಾಖೆಯ ಅಧೀನದಲ್ಲಿದ್ದಾರೆ, ಕೇಂದ್ರದ ತನಿಖಾ ಸಂಸ್ಥೆಗಳು ಕೇಂದ್ರ ಸರ್ಕಾರದ ಅಧೀನದಲ್ಲಿವೆ. ಆದ್ದರಿಂದ ಯಾರನ್ನು ಯಾರು ಬಂಧಿಸಿದರೂ ಜನರ ಮನಸ್ಸಿನಲ್ಲಿ ಪಕ್ಷದ ಲೆಕ್ಕ ಏಳುವುದು ಸಹಜವಾಗಿದೆ. ಆದರೆ ಸಂಶಯವನ್ನು ಪರೀಕ್ಷಿಸಲು ದಾಖಲೆಗಳಿವೆ. ಅವುಗಳನ್ನು ನೋಡುವ ಶ್ರಮವನ್ನು ಎರಡೂ ಕಡೆಯವರು ತೆಗೆದುಕೊಂಡಂತೆ ಕಾಣುವುದಿಲ್ಲ.

ಮೊದಲನೆಯದು ಎಫ್‌ಐಆರ್. ಸೂಕ್ಷ್ಮ ಸ್ವರೂಪದ ಪ್ರಕರಣಗಳನ್ನು ಹೊರತುಪಡಿಸಿ ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸ್ ವೆಬ್‌ಸೈಟಿನಲ್ಲಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿದೆ. ದೂರು ಕೊಟ್ಟವರು ಯಾರು, ಹಣ ಕೈ ಬದಲಾದ ಅವಧಿ ಯಾವುದು, ದೂರು ಠಾಣೆಗೆ ತಲುಪಿದ ದಿನಾಂಕ ಯಾವುದು ಎಂಬುದನ್ನು ಅದರಲ್ಲಿ ಓದಬಹುದು. ಹಣ ಕಳೆದುಕೊಂಡ ಕುಟುಂಬವೇ ದೂರುದಾರನಾಗಿದ್ದು ಬ್ಯಾಂಕ್ ದಾಖಲೆಯನ್ನು ಲಗತ್ತಿಸಿದ್ದರೆ, ಪಿತೂರಿ ಎನ್ನುವವರು ಆ ಕುಟುಂಬಕ್ಕೆ ಉತ್ತರ ಹೇಳಬೇಕಾಗುತ್ತದೆ. ದೂರುದಾರನು ಎದುರು ಪಕ್ಷದ ಪದಾಧಿಕಾರಿಯಾಗಿದ್ದು, ಹಣ ಕೊಟ್ಟವರ ಹೇಳಿಕೆ ಒಂದೂ ಇಲ್ಲದಿದ್ದರೆ ಸಂಶಯಕ್ಕೆ ಬಲ ಬರುತ್ತದೆ.

ಇನ್ನೊಂದು ಸಂಗತಿಯನ್ನು ಯಾರೂ ಕೇಳುತ್ತಿಲ್ಲ. ಚುನಾವಣೆಯ ಹೊತ್ತಿಗೆ ಬಂಧನವಾಯಿತು ಎನ್ನುವವರು, ದೂರು ಅದಕ್ಕಿಂತ ಎಷ್ಟು ಮೊದಲು ಬಂದಿತ್ತು ಎಂಬುದನ್ನು ತಿಳಿಯಬೇಕು. ಹಳೆಯ ದೂರು ತಿಂಗಳುಗಟ್ಟಲೆ ಠಾಣೆಯಲ್ಲಿ ಕೊಳೆತು ಈಗ ಜೀವ ಪಡೆದಿದ್ದರೆ, ಈಗ ಅವಸರ ಮಾಡಿದವರು ಯಾರು ಎಂಬ ಪ್ರಶ್ನೆಯಷ್ಟೇ, ಅಲ್ಲಿಯವರೆಗೆ ತಡೆದವರು ಯಾರು ಎಂಬ ಪ್ರಶ್ನೆಯೂ ಮುಖ್ಯವಾಗುತ್ತದೆ. ಒಂದೇ ದಿನಾಂಕ ದ್ವೇಷಕ್ಕೂ ಸಾಕ್ಷಿಯಾಗಬಹುದು, ಅದುವರೆಗೆ ಸಿಕ್ಕ ರಕ್ಷಣೆಗೂ ಸಾಕ್ಷಿಯಾಗಬಹುದು.

ಬಂಧನವೂ ಪರೀಕ್ಷೆಗೆ ಒಳಪಡುವ ಕ್ರಿಯೆಯೇ ಆಗಿದೆ. ವಂಚನೆಯಿಂದ ಹಣ ಪಡೆಯುವ ಅಪರಾಧಕ್ಕೆ, ಹಳೆಯ ದಂಡ ಸಂಹಿತೆಯ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 318(4)ನೇ ಕಲಮಿನಲ್ಲಿ ಗರಿಷ್ಠ 7 ವರ್ಷಗಳ ಸೆರೆವಾಸವಿದೆ. ಇಂಥ ಅಪರಾಧಗಳಲ್ಲಿ ಬಂಧನ ತಾನಾಗಿಯೇ ನಡೆಯಬಾರದು, ಅದು ಏಕೆ ಅಗತ್ಯ ಎಂಬುದನ್ನು ಅಧಿಕಾರಿ ಬರೆದಿಡಬೇಕು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಅರ್ಣೇಶ್ ಕುಮಾರ್ ಪ್ರಕರಣದಲ್ಲಿ ಹೇಳಿತು. ಬಂಧನದ ಕಾರಣವನ್ನು ಬಂಧಿತನಿಗೆ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂಬುದು ಸಂವಿಧಾನದ 22ನೇ ವಿಧಿಯಲ್ಲೇ ಇದೆ. ಈ ಕ್ರಮಗಳಲ್ಲಿ ಲೋಪವಾಗಿದ್ದರೆ ಆರೋಪಿಯ ವಕೀಲರು ನ್ಯಾಯಾಲಯದಲ್ಲಿ ಅದನ್ನು ಎತ್ತಬೇಕು. ಧಾರವಾಡದಲ್ಲಿಯೇ ಹೈಕೋರ್ಟಿನ ಪೀಠವಿದೆ. ಪಿತೂರಿ ಎಂದು ವೇದಿಕೆಯ ಮೇಲೆ ಹೇಳುವವರು ಅದೇ ಮಾತನ್ನು ಅರ್ಜಿಯಲ್ಲಿ ಬರೆದಿದ್ದಾರೆಯೇ ಎಂದು ನೋಡಿ.

ಎಫ್‌ಐಆರ್‌ನಲ್ಲಿ ಕೆಲವೆಡೆ 420 ಎಂದೂ ಕೆಲವೆಡೆ 318 ಎಂದೂ ಇರುವುದನ್ನು ಕಂಡು ಪ್ರಕರಣವನ್ನೇ ತಿರುಚಲಾಗಿದೆ ಎಂದು ಕೆಲವರು ಬರೆದಿದ್ದಾರೆ. ಹೊಸ ಸಂಹಿತೆಗಳು ಜಾರಿಗೆ ಬಂದದ್ದು 2024ರ ಜುಲೈ 1ರಂದು. ಅದಕ್ಕಿಂತ ಮೊದಲು ನಡೆದ ವಂಚನೆಗೆ ಹಳೆಯ ದಂಡ ಸಂಹಿತೆಯ 420ನೇ ಕಲಮು ಅನ್ವಯಿಸುತ್ತದೆ, ನಂತರದ್ದಕ್ಕೆ ಹೊಸ ಸಂಹಿತೆಯ 318. ಹಣದ ವ್ಯವಹಾರ ಎರಡೂ ಅವಧಿಗಳಲ್ಲಿ ಹರಡಿದ್ದರೆ ಎರಡೂ ಸಂಖ್ಯೆಗಳು ಬರುತ್ತವೆ. ಅದರಲ್ಲಿ ರಾಜಕೀಯವಿಲ್ಲ.

ಪ್ರಶ್ನೆ: ಆರೋಪಿ ಎಲ್ಲವನ್ನೂ ಒಪ್ಪಿಕೊಂಡಿದ್ದಾನೆ, ದೊಡ್ಡವರ ಹೆಸರು ಬಾಯಿಬಿಟ್ಟಿದ್ದಾನೆ ಎಂದು ಟಿವಿಯಲ್ಲಿ ದಿನವೂ ಹೇಳುತ್ತಿದ್ದಾರೆ. ಹಾಗಿದ್ದರೆ ಆ ದೊಡ್ಡವರನ್ನು ಏಕೆ ಬಂಧಿಸಿಲ್ಲ? (ಓದುಗರು, ರಾಣೆಬೆನ್ನೂರು)

ಉತ್ತರ: ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ನ್ಯಾಯಾಲಯದಲ್ಲಿ ರುಜುವಾತಾಗಿ ಬಳಸುವಂತಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮಿನಲ್ಲಿದ್ದ ಈ ನಿಯಮ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲಿ ಮುಂದುವರಿದಿದೆ. ಠಾಣೆಯ ಒಳಗೆ ಬಡಿದು ಮಾತು ಹೊರಡಿಸುವ ರೂಢಿಯನ್ನು ತಡೆಯುವುದಕ್ಕಾಗಿಯೇ ಶತಮಾನಕ್ಕೂ ಮೀರಿ ಈ ನಿಯಮ ನಿಂತಿದೆ. ಆರೋಪಿ ಕೊಟ್ಟ ಮಾಹಿತಿಯಿಂದ ಒಂದು ವಸ್ತು ಪತ್ತೆಯಾದರೆ, ಉದಾಹರಣೆಗೆ ಬಚ್ಚಿಟ್ಟ ನಗದು, ನಕಲಿ ಮೊಹರು, ಹೆಸರು ಮತ್ತು ಮೊತ್ತ ಬರೆದ ಡೈರಿ ಸಿಕ್ಕರೆ, ಆ ಪತ್ತೆಗೆ ಸಂಬಂಧಿಸಿದ ಮಾತಿನ ಭಾಗಕ್ಕೆ ಮಾತ್ರ ಬೆಲೆಯಿದೆ. ಮ್ಯಾಜಿಸ್ಟ್ರೇಟರ ಮುಂದೆ ಸ್ವಇಚ್ಛೆಯಿಂದ ನೀಡಿದ ಹೇಳಿಕೆಯ ಸ್ಥಾನ ಬೇರೆ.

ಆದ್ದರಿಂದ "ಬಾಯಿಬಿಟ್ಟಿದ್ದಾನೆ" ಎಂಬ ಸುದ್ದಿಯನ್ನು ಕೇಳಿದಾಗ, ಯಾರ ಮುಂದೆ ಬಾಯಿಬಿಟ್ಟ, ಅದರ ನಂತರ ಏನು ಸಿಕ್ಕಿತು ಎಂದು ಕೇಳಬೇಕು. ತನಿಖೆಯ ವಿವರಗಳು ಹೀಗೆ ಸೋರುವುದು ಹಣ ಕಳೆದುಕೊಂಡವರಿಗೂ ಹಾನಿಕರ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೆಸರು ಹೊರಬಿದ್ದ ವ್ಯಕ್ತಿಗೆ ಖಾತೆ ಬರಿದು ಮಾಡಲು, ಮೊಬೈಲ್ ಬದಲಿಸಲು, ಸಾಕ್ಷಿಗಳನ್ನು ಕಂಡು ಮಾತಾಡಲು ಸಮಯ ಸಿಗುತ್ತದೆ. ಪೊಲೀಸರು ಮಾಧ್ಯಮಗಳಿಗೆ ಮಾಹಿತಿ ನೀಡುವ ಬಗ್ಗೆ ಕೈಪಿಡಿ ರೂಪಿಸಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಕೇಂದ್ರ ಗೃಹ ಸಚಿವಾಲಯಕ್ಕೆ ಸೂಚಿಸಿದ್ದರ ಹಿಂದೆ ಇಂಥ ಕಳವಳವೇ ಇತ್ತು.

ಪ್ರಶ್ನೆ: ಪಿಎ ಮಾಡಿದ ತಪ್ಪಿಗೆ ಜನಪ್ರತಿನಿಧಿ ಹೊಣೆಯೇ? ಅವರು ರಾಜೀನಾಮೆ ಕೊಡಬೇಕೆಂದು ಪ್ರತಿಭಟನೆ ನಡೆಯುತ್ತಿದೆ. (ಓದುಗರು, ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಕ್ರಿಮಿನಲ್ ಕಾನೂನಿನಲ್ಲಿ ಕೆಲಸಗಾರನ ಅಪರಾಧ ತಾನಾಗಿಯೇ ಯಜಮಾನನ ಮೇಲೆ ಬರುವುದಿಲ್ಲ. ಅಪರಾಧದ ಒಳಸಂಚಿನಲ್ಲಿ ಪಾಲುಗೊಂಡಿದ್ದರು ಅಥವಾ ಸಮಾನ ಉದ್ದೇಶ ಹೊಂದಿದ್ದರು ಎಂಬುದನ್ನು ಸಾಕ್ಷ್ಯದಿಂದ ತೋರಿಸಬೇಕು. ಒಂದೇ ವೇದಿಕೆಯಲ್ಲಿ ನಿಂತ ಫೋಟೊ, ಹುಟ್ಟುಹಬ್ಬದ ಫ್ಲೆಕ್ಸ್, ಮದುವೆಗೆ ಹೋಗಿ ಅಕ್ಷತೆ ಹಾಕಿದ ವಿಡಿಯೊ, ಇವು ಪರಿಚಯಕ್ಕೆ ಸಾಕ್ಷಿ, ಸಂಚಿಗೆ ಅಲ್ಲ. ಜನಪ್ರತಿನಿಧಿಯ ಸ್ಥಾನಕ್ಕೂ ಸಿಬ್ಬಂದಿಯ ಬಂಧನದಿಂದ ಕಾನೂನಿನ ಪ್ರಕಾರ ಧಕ್ಕೆಯಿಲ್ಲ. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 8(3)ನೇ ಕಲಮಿನ ಅನರ್ಹತೆ ಬರುವುದು ತಾವೇ ಅಪರಾಧಿ ಎಂದು ತೀರ್ಪಾಗಿ ಕನಿಷ್ಠ 2 ವರ್ಷಗಳ ಶಿಕ್ಷೆಯಾದಾಗ.

ಇಷ್ಟು ಹೇಳಿ ಕೈತೊಳೆದುಕೊಳ್ಳಲು ನಾನು ಸಿದ್ಧನಿಲ್ಲ. ಹಳ್ಳಿಯಿಂದ ಬಂದ ತಂದೆಯೊಬ್ಬ ಆ ಸಹಾಯಕನ ಕೈಗೆ ರೊಕ್ಕ ಕೊಟ್ಟದ್ದು ಆತನ ಮುಖ ನೋಡಿ ಅಲ್ಲ. ಆತ ಕುಳಿತ ಕಚೇರಿ, ಆತ ಬಳಸಿದ ಲೆಟರ್‌ಹೆಡ್, ಆತನ ಫೋನಿಗೆ ತಹಸೀಲ್ದಾರರು ಕೊಡುತ್ತಿದ್ದ ಮರ್ಯಾದೆ ನೋಡಿ. ಆ ಮರ್ಯಾದೆಯೆಲ್ಲ ಜನ ಕೊಟ್ಟ ಮತದಿಂದ ಬಂದದ್ದು. ಹಾಗಾಗಿ ಕಾನೂನಿನ ಹೊಣೆ ಇರಲಿ ಬಿಡಲಿ, ಜನಪ್ರತಿನಿಧಿ ಕೆಲವು ಪ್ರಶ್ನೆಗಳಿಗೆ ಬಹಿರಂಗವಾಗಿ ಉತ್ತರಿಸಲೇಬೇಕು. ಆತ ಸರ್ಕಾರಿ ಸೇವೆಯಿಂದ ನಿಯೋಜನೆಗೊಂಡವನೇ, ಖಾಸಗಿಯಾಗಿ ಇಟ್ಟುಕೊಂಡವನೇ? ಶಿಫಾರಸು ಪತ್ರಗಳ ವಹಿ ಕಚೇರಿಯಲ್ಲಿ ಇದೆಯೇ? ಆತನ ಬಗ್ಗೆ ಮೊದಲೇ ಯಾರಾದರೂ ಮೌಖಿಕವಾಗಿ ದೂರಿದ್ದರೇ, ದೂರಿದ್ದರೆ ಏನು ಕ್ರಮ ಕೈಗೊಳ್ಳಲಾಯಿತು?

ಬಂಧನವಾದ ಮರುದಿನವೇ "ಆತ ನಮ್ಮ ಪಿಎ ಅಲ್ಲ, ಸಾಮಾನ್ಯ ಕಾರ್ಯಕರ್ತ" ಎಂದು ಹೇಳಿಕೆ ಕೊಡುವ ಪದ್ಧತಿ ಎಲ್ಲ ಪಕ್ಷಗಳಲ್ಲೂ ಇದೆ. ವರ್ಷಗಟ್ಟಲೆ ಕ್ಷೇತ್ರದ ಜನರೆಲ್ಲ ಒಬ್ಬನನ್ನು ಪಿಎ ಎಂದು ತಿಳಿದು ಅರ್ಜಿ ಕೊಟ್ಟಿದ್ದರೆ, ನೇಮಕಾತಿ ಆದೇಶ ಇಲ್ಲ ಎಂಬ ಉತ್ತರದಿಂದ ಆ ಜನರ ನಷ್ಟ ತುಂಬುವುದಿಲ್ಲ. ಆತ ಸಾರ್ವಜನಿಕ ನೌಕರನಾಗಿದ್ದರೆ 1988ರ ಭ್ರಷ್ಟಾಚಾರ ತಡೆ ಕಾಯ್ದೆಯೂ ಅನ್ವಯಿಸಬಹುದು. ಅಲ್ಲದಿದ್ದರೂ, ಸಾರ್ವಜನಿಕ ನೌಕರರ ಮೇಲೆ ಪ್ರಭಾವ ಬೀರಲು ಹಣ ಪಡೆಯುವವರಿಗಾಗಿ ಆ ಕಾಯ್ದೆಗೆ 2018ರಲ್ಲಿ 7ಎ ಕಲಮು ಸೇರಿದೆ; ಅದರಲ್ಲಿ 3ರಿಂದ 7 ವರ್ಷಗಳವರೆಗೆ ಶಿಕ್ಷೆಯಿದೆ.

ಪ್ರಶ್ನೆ: ಜಾಮೀನು ಸಿಕ್ಕಿದ ಕೂಡಲೇ ಬೆಂಬಲಿಗರು ಹಾರ ಹಾಕಿ, ಆರೋಪ ಸುಳ್ಳೆಂದು ಸಾಬೀತಾಯಿತು ಎಂದು ಹೇಳಿದರೆ ಅದು ಸರಿಯೇ? (ಓದುಗರು, ಶಿಗ್ಗಾವಿ)

ಉತ್ತರ: ಸರಿಯಲ್ಲ. ಜಾಮೀನು ಎಂದರೆ ವಿಚಾರಣೆ ಮುಗಿಯುವವರೆಗೆ ಷರತ್ತುಗಳೊಂದಿಗೆ ಹೊರಗಿರುವ ಅನುಮತಿ ಮಾತ್ರ. ಇಂಥ ಪ್ರಕರಣದಲ್ಲಿ 60 ದಿನಗಳೊಳಗೆ ಆರೋಪಪಟ್ಟಿ ಸಲ್ಲಿಕೆಯಾಗದಿದ್ದರೆ ಬಂಧನದಲ್ಲಿರುವ ಆರೋಪಿಗೆ ಜಾಮೀನು ಕೇಳುವ ಹಕ್ಕು ಹುಟ್ಟುತ್ತದೆ. ಅದು ಪೊಲೀಸರ ವಿಳಂಬದ ಫಲವಾಗಿರುತ್ತದೆ, ಆರೋಪಿಯ ನಿರ್ದೋಷಿತ್ವದ ತೀರ್ಪಲ್ಲ. ಅದೇ ರೀತಿ ಜಾಮೀನು ತಿರಸ್ಕಾರವಾದರೆ ಅಪರಾಧ ಸಾಬೀತಾಯಿತೆಂದೂ ಅಲ್ಲ.

ಪ್ರಶ್ನೆ: ಆರೋಪಿ ಮತ್ತು ನಾಯಕರ ಫೋಟೊ ಜೋಡಿಸಿ "ಕಳ್ಳರ ಜೋಡಿ" ಎಂಬ ಬರಹದೊಂದಿಗೆ ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಹರಿದಾಡುತ್ತಿದೆ. ನಾನೂ ಮುಂದಕ್ಕೆ ಕಳಿಸಿದ್ದೇನೆ. ತೊಂದರೆ ಇದೆಯೇ? (ಓದುಗರು, ಹಾನಗಲ್)

ಉತ್ತರ: ಇದೆ. ಮಾನಹಾನಿ ಹೊಸ ಸಂಹಿತೆಯ 356ನೇ ಕಲಮಿನಡಿ 2 ವರ್ಷಗಳವರೆಗೆ ಶಿಕ್ಷೆಗೆ ಅರ್ಹವಾದ ಅಪರಾಧ. ನೀವು ಬರೆದದ್ದಲ್ಲ, ಕಳಿಸಿದ್ದಷ್ಟೇ ಎಂಬ ಸಮಜಾಯಿಷಿಯನ್ನು ನೆಚ್ಚಿಕೊಳ್ಳಬೇಡಿ. ಬಂಧನವಾಗಿದೆ, ಇಂಥ ಆರೋಪವಿದೆ ಎಂಬ ನಿಜ ಸಂಗತಿಯನ್ನು ಹಂಚಿಕೊಳ್ಳಲು ನಿಮಗೆ ಅಡ್ಡಿಯಿಲ್ಲ. ಇಬ್ಬರನ್ನೂ ಕಳ್ಳರೆಂದು ತೀರ್ಮಾನಿಸುವ ಬರಹವನ್ನು ಅಳಿಸಿಬಿಡಿ. ಹಣ ಕೊಟ್ಟ ಕುಟುಂಬಗಳ ಹೆಸರಿನ ಪಟ್ಟಿಯನ್ನು ಯಾರಾದರೂ ಗುಂಪಿಗೆ ಹಾಕಿದ್ದರೆ ಅದನ್ನಂತೂ ಯಾವ ಕಾರಣಕ್ಕೂ ಮುಂದೆ ಕಳಿಸಬೇಡಿ.

ಪ್ರಶ್ನೆ: ಸಪ್ತಾಪುರದಲ್ಲಿ ಕೊಠಡಿ ಹಿಡಿದು ನೌಕರಿ ಪರೀಕ್ಷೆಗೆ ಓದುತ್ತಿರುವ ನಮ್ಮಂಥವರಿಗೆ ಈ ಸುದ್ದಿಗಳಿಂದ ಓದಿನ ಮೇಲಿನ ನಂಬಿಕೆಯೇ ಹೋಗಿದೆ. ಪ್ರಕರಣವನ್ನು ಸಿಬಿಐಗೆ ಒಪ್ಪಿಸಿದರೆ ಸತ್ಯ ಹೊರಬರುವುದೇ? (ವಿದ್ಯಾರ್ಥಿ, ಧಾರವಾಡ)

ಉತ್ತರ: ನಿಮ್ಮ ನೋವು ನ್ಯಾಯವಾದದ್ದು. ಆದರೆ ತನಿಖೆ ಯಾರ ಕೈಯಲ್ಲಿದೆ ಎಂಬುದೊಂದರಿಂದಲೇ ಸತ್ಯ ನಿರ್ಧಾರವಾಗುವುದಿಲ್ಲ. ಸಿಬಿಐ ತನಿಖೆಗೆ ನೀಡಿದ್ದ ಸಾಮಾನ್ಯ ಸಮ್ಮತಿಯನ್ನು ಕರ್ನಾಟಕ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ಹಿಂತೆಗೆದುಕೊಂಡಿದೆ. ಈಗ ಪ್ರಕರಣವೊಂದನ್ನು ಸಿಬಿಐಗೆ ವಹಿಸಲು ರಾಜ್ಯದ ಪ್ರತ್ಯೇಕ ಒಪ್ಪಿಗೆ ಬೇಕು, ಇಲ್ಲವೇ ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟಿನ ಆದೇಶ ಬೇಕು. ಸಿಬಿಐ ಬೇಕು ಎಂದು ಘೋಷಣೆ ಕೂಗುವವರಿಗೂ, ಬೇಡ ಎನ್ನುವವರಿಗೂ ಇದು ಗೊತ್ತಿದೆ.

545 ಪಿಎಸ್ಐ ಹುದ್ದೆಗಳ ನೇಮಕಾತಿ ಹಗರಣ ನಿಮ್ಮ ಓರಗೆಯವರಿಗೆ ಚೆನ್ನಾಗಿ ನೆನಪಿರುತ್ತದೆ. 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆಯಿತು; 2022ರಲ್ಲಿ ಅಕ್ರಮ ಬಯಲಾಗಿ ರಾಜ್ಯದ ಸಿಐಡಿಯೇ ತನಿಖೆ ನಡೆಸಿತು. ಎರಡು ಪ್ರಮುಖ ಪಕ್ಷಗಳ ಸ್ಥಳೀಯ ಮುಖಂಡರೂ, ಪೊಲೀಸ್ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿ ದರ್ಜೆಯ ಅಧಿಕಾರಿಯೂ ಅದರಲ್ಲಿ ಬಂಧಿತರಾದರು. ನೇಮಕಾತಿ ಆ ವರ್ಷವೇ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಯಾವ ಪಕ್ಷದವರು ಹೆಚ್ಚು ತಪ್ಪಿತಸ್ಥರು ಎಂಬ ವಾದ ವೇದಿಕೆಗಳಲ್ಲಿ ನಡೆಯುತ್ತಿದ್ದಾಗ, ಪ್ರಾಮಾಣಿಕವಾಗಿ ಬರೆದು ಆಯ್ಕೆಯಾಗಿದ್ದವರ ವಯಸ್ಸು ಕಳೆಯುತ್ತಿತ್ತು. ಆ ನಷ್ಟದ ಲೆಕ್ಕವನ್ನು ಯಾವ ಪಕ್ಷವೂ ಕೊಟ್ಟಿಲ್ಲ. ನಿಮ್ಮ ಬೇಡಿಕೆ ತನಿಖಾ ಸಂಸ್ಥೆಯ ಹೆಸರಿಗಿಂತ ಹೆಚ್ಚಾಗಿ ಕಾಲಮಿತಿಯ ಬಗ್ಗೆ ಇರಲಿ ಎಂದು ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ನಾವೂ ಆತನಿಗೆ ರೊಕ್ಕ ಕೊಟ್ಟವರೇ. ಮಗನ ನೌಕರಿಗಾಗಿ ಹೊಲದ ಮೇಲೆ ಸಾಲ ತೆಗೆದು, ಮನೆಯವರ ಬಂಗಾರ ಅಡವಿಟ್ಟು ಕೊಟ್ಟೆವು. ಬಾಂಡ್ ಪೇಪರಿನ ಮೇಲೆ ಕೈಗಡ ಎಂದು ಬರೆದುಕೊಟ್ಟಿದ್ದಾನೆ, ಒಂದು ಚೆಕ್ಕೂ ಇದೆ. ದೂರು ಕೊಟ್ಟರೆ ಲಂಚ ಕೊಟ್ಟ ನಿಮ್ಮನ್ನೇ ಒಳಗೆ ಹಾಕುತ್ತಾರೆ, ಸುಮ್ಮನಿದ್ದರೆ ಚುನಾವಣೆ ಮುಗಿದ ಮೇಲೆ ಹೊಂದಿಸಿ ಕೊಡುತ್ತೇವೆ ಎಂದು ಪಕ್ಷದ ಕಾರ್ಯಕರ್ತರೊಬ್ಬರು ಮನೆಗೆ ಬಂದು ಹೇಳಿ ಹೋದರು. ಏನು ಮಾಡಬೇಕು? (ಓದುಗರು, ನವಲಗುಂದ ತಾಲ್ಲೂಕು)

ಉತ್ತರ: ನಿಮ್ಮ ಪತ್ರವನ್ನು ಓದಿ ಬಹಳ ಹೊತ್ತು ಮನಸ್ಸು ಕಲಕಿತು. ಈ ಪ್ರಕರಣದ ಬಗ್ಗೆ ನಡೆಯುತ್ತಿರುವ ಮಾತಿನಲ್ಲಿ ಕಾಣೆಯಾಗಿರುವವರು ನೀವೇ. ನಿಮಗೆ ಸಮಾಧಾನದ ಮಾತಿಗಿಂತ ನಿಜವಾದ ಮಾತು ಬೇಕೆಂದು ಭಾವಿಸಿ ಉತ್ತರಿಸುತ್ತೇನೆ.

ನಿಮ್ಮ ಭಯಕ್ಕೆ ಆಧಾರವೇ ಇಲ್ಲವೆಂದು ಹೇಳಲಾರೆ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧವೇ. ಒತ್ತಾಯಕ್ಕೆ ಸಿಕ್ಕು ಕೊಟ್ಟವರು 7 ದಿನಗಳೊಳಗೆ ತಿಳಿಸಿದರೆ ಅವರಿಗೆ ರಕ್ಷಣೆಯಿದೆ. ನಿಮ್ಮ ವಿಷಯದಲ್ಲಿ ಆ ಅವಧಿ ಕಳೆದಿದೆ. ಆದರೆ ಕೊಡಿಸುವ ಶಕ್ತಿಯಾಗಲೀ ಉದ್ದೇಶವಾಗಲೀ ಇಲ್ಲದೆ ಸುಳ್ಳು ಹೇಳಿ ಹಣ ಪಡೆದದ್ದು ವಂಚನೆ, ಆ ವಂಚನೆಗೆ ಗುರಿಯಾದವರು ನೀವು. ಲಂಚ ಕೊಟ್ಟವರ ಮತ್ತು ವಂಚನೆಗೆ ಒಳಗಾದವರ ಸ್ಥಾನ ಒಂದೇ ಅಲ್ಲ. ಆದ್ದರಿಂದ ಠಾಣೆಗೆ ಹೋಗುವ ಮೊದಲು ವಕೀಲರೊಬ್ಬರ ಸಲಹೆ ಪಡೆಯಿರಿ. ಖರ್ಚಿಗೆ ಅನುಕೂಲವಿಲ್ಲದಿದ್ದರೆ ಧಾರವಾಡದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಕಾಣಬಹುದು. 15100 ಸಂಖ್ಯೆಗೆ ಕರೆ ಮಾಡಬಹುದು. ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವಿಗೆ ಹಕ್ಕಿದೆ. ಅಡವಿಟ್ಟ ಬಂಗಾರ ನಿಮ್ಮ ಪತ್ನಿಯದಾಗಿದ್ದರೆ ಅವರನ್ನೂ ಕರೆದುಕೊಂಡು ಹೋಗಿ.

ಬಾಂಡ್ ಪೇಪರಿನ ಬಗ್ಗೆ ಕಹಿಯಾದ ಮಾತೊಂದನ್ನು ಹೇಳಬೇಕಾಗಿದೆ. ಸರ್ಕಾರಿ ನೌಕರಿ ಕೊಡಿಸುತ್ತೇನೆಂದು ಒಬ್ಬ, ಅದಕ್ಕೆ ಹಣ ಕೊಡುತ್ತೇನೆಂದು ಇನ್ನೊಬ್ಬ ಒಪ್ಪಿಕೊಂಡರೆ ಆ ಒಪ್ಪಂದ ಅನೂರ್ಜಿತ ಎಂದು 1872ರ ಕರಾರು ಕಾಯ್ದೆಯ 23ನೇ ಕಲಮಿನ ಉದಾಹರಣೆಯಲ್ಲಿ ನೇರವಾಗಿಯೇ ಬರೆದಿದೆ. ಆತ ಕೈಗಡ ಎಂದು ಬರೆಸಿದ್ದು ಈ ತೊಡಕನ್ನು ಮರೆಮಾಡಲು ಇರಬಹುದು, ನಾಳೆ ಇದು ಖಾಸಗಿ ಸಾಲದ ತಕರಾರು, ಪೊಲೀಸರಿಗೆ ಸಂಬಂಧವಿಲ್ಲ ಎಂದು ವಾದಿಸಲೂ ಇರಬಹುದು. ಚೆಕ್ ಅಮಾನ್ಯವಾದರೆ ಬ್ಯಾಂಕಿನ ಸೂಚನೆ ಕೈಸೇರಿದ 30 ದಿನಗಳೊಳಗೆ ನೋಟಿಸು ಕೊಡಬೇಕೆಂಬ ನಿಯಮವಿದೆ, ಆದರೆ ಅಲ್ಲಿಯೂ ಅದು ಕಾನೂನುಬದ್ಧ ಸಾಲವೇ ಎಂಬ ಪ್ರಶ್ನೆ ಏಳುತ್ತದೆ. ಹಾಗಾಗಿ ಸಿವಿಲ್ ದಾವೆಯೊಂದನ್ನೇ ನೆಚ್ಚಿಕೊಳ್ಳಬೇಡಿ. ಆ ಕಾಗದವನ್ನು ಹರಿಯಬೇಡಿ, ಯಾರ ಕೈಗೂ ಮೂಲಪ್ರತಿ ಕೊಡಬೇಡಿ. ಕರಾರಾಗಿ ಅದು ನಿಲ್ಲದಿದ್ದರೂ ಆತ ನಿಮ್ಮಿಂದ ಹಣ ಪಡೆದನೆಂಬುದಕ್ಕೆ ಅದು ಸಾಕ್ಷ್ಯವಾಗುತ್ತದೆ.

ನಿಮ್ಮ ಮನೆಗೆ ಬಂದ ಕಾರ್ಯಕರ್ತನ ಮಾತಿಗೆ ಬೆಲೆ ಕೊಡಬೇಡಿ. ಯಾವ ಪಕ್ಷದವನೆಂದು ನೀವು ಬರೆದಿಲ್ಲ, ಬರೆಯುವ ಅಗತ್ಯವೂ ಇಲ್ಲ. ಆರೋಪಿಯ ಕಡೆಯವನಾದರೆ ದೂರುಗಳ ಸಂಖ್ಯೆ ಕಡಿಮೆಯಾಗುವುದು ಅವನಿಗೆ ಬೇಕು. ನಾಳೆ ಎದುರು ಪಕ್ಷದವರು ಬಂದು ನಿಮ್ಮನ್ನು ಪತ್ರಿಕಾಗೋಷ್ಠಿಯಲ್ಲಿ ಕೂರಿಸಲು ಕರೆದರೂ ಹೋಗಬೇಡಿ. ವಿಚಾರಣೆಯ ದಿನ ನಿಮ್ಮ ಹೇಳಿಕೆಗೆ ಪಕ್ಷದ ಬಣ್ಣ ಬಳಿಯಲು ಆರೋಪಿಯ ವಕೀಲರಿಗೆ ಅಷ್ಟು ಸಾಕು. ರಾಜಿಯಾಗುವುದಿದ್ದರೂ ವಂಚನೆಯ ಪ್ರಕರಣದಲ್ಲಿ ಅದು ನ್ಯಾಯಾಲಯದ ಅನುಮತಿಯಿಂದಲೇ ಆಗಬೇಕು, ನಿಮ್ಮ ಮನೆಯ ಪಡಸಾಲೆಯಲ್ಲಿ ಅಲ್ಲ.

ಈಗಲೇ ದೂರು ಕೊಡಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಅಪರಾಧದ ಹಣದಿಂದ ಕೊಂಡ ಆಸ್ತಿಯನ್ನು ಜಪ್ತಿ ಮಾಡಲು ತನಿಖಾಧಿಕಾರಿ ಎಸ್‌ಪಿ ಅಥವಾ ಪೊಲೀಸ್ ಆಯುಕ್ತರ ಅನುಮೋದನೆ ಪಡೆದು ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 107ನೇ ಕಲಮು ಹೇಳುತ್ತದೆ. ಆ ಮೊತ್ತವನ್ನು ನಷ್ಟವಾದವರಿಗೆ ಪ್ರಮಾಣಾನುಸಾರ ಹಂಚುವಂತೆ ನ್ಯಾಯಾಲಯ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ನಿರ್ದೇಶಿಸಬಹುದು. ಇದು ಹೊಸ ಏರ್ಪಾಡು, ಹಳೆಯ ಪ್ರಕ್ರಿಯಾ ಸಂಹಿತೆಯಲ್ಲಿ ಇರಲಿಲ್ಲ. ಹಂಚುವ ದಿನ ಬಂದಾಗ ದಾಖಲೆಯಲ್ಲಿ ಹೆಸರೇ ಇಲ್ಲದವರಿಗೆ ಪಾಲು ಕೇಳುವುದು ಕಷ್ಟವಾಗುತ್ತದೆ.

ದೂರಿನಲ್ಲಿ ಎಷ್ಟು ಹಣ, ಯಾವ ದಿನ, ಎಲ್ಲಿ, ಯಾರ ಎದುರು ಕೊಟ್ಟಿರಿ, ಆತ ಯಾವ ಹುದ್ದೆಯ ಹೆಸರು ಹೇಳಿದ ಎಂಬುದನ್ನು ಬರೆಯಿರಿ. ಬ್ಯಾಂಕ್ ಪಾಸ್‌ಬುಕ್, ಬಂಗಾರದ ಸಾಲದ ರಸೀದಿ, ಆತನ ಸಂದೇಶಗಳು ಇರುವ ಮೊಬೈಲ್ ಎಲ್ಲವನ್ನೂ ಉಳಿಸಿಕೊಳ್ಳಿ. ಠಾಣೆಯಲ್ಲಿ ದೂರು ಪಡೆಯದಿದ್ದರೆ ಅದನ್ನೇ ಎಸ್‌ಪಿಗೆ ಅಂಚೆಯ ಮೂಲಕ ಕಳಿಸಿ. ಹಣ ಕೈ ಬದಲಾದದ್ದು ಹುಬ್ಬಳ್ಳಿ-ಧಾರವಾಡ ನಗರದಲ್ಲಾದರೆ ಪೊಲೀಸ್ ಆಯುಕ್ತರಿಗೆ ಕಳಿಸಿ. ಅಲ್ಲಿಯೂ ಕೆಲಸವಾಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಅರ್ಜಿ ಹಾಕಬಹುದು. ಎಫ್‌ಐಆರ್ ಪ್ರತಿಯನ್ನು ನಿಮಗೆ ಉಚಿತವಾಗಿ ಕೊಡಬೇಕು, 90 ದಿನಗಳೊಳಗೆ ತನಿಖೆಯ ಪ್ರಗತಿಯನ್ನೂ ತಿಳಿಸಬೇಕು. ಮತ್ತು ಆ ಸಹಾಯಕನ ಬಳಿಗೆ ನಿಮ್ಮನ್ನು ಮೊದಲು ಕರೆದೊಯ್ದವರು ಯಾರೋ ಅವರ ಹೆಸರನ್ನು ಬಿಡದೆ ಬರೆಯಿರಿ, ಅವರು ನಿಮ್ಮ ಬೀಗರೇ ಆಗಿದ್ದರೂ ಸರಿ. ಹಣ ಹೋದ ದಾರಿ ಪೊಲೀಸರಿಗೆ ಸಿಗುವುದು ಅಲ್ಲಿಂದಲೇ.